ಕೇಳುವುದು ಸಿದ್ದೆಯಲ್ಲಿ, ತೂಗುವುದು ಕಿಲೋದಲ್ಲಿ: ಶಿರಸಿಯ ಒಂದು ದಿನಸಿ ಅಂಗಡಿ

ಶಿರಸಿಯ ಹಳೆಯ ಪೇಟೆಯಲ್ಲಿ, ಸಿ.ಪಿ. ಬಜಾರಿನ ಆಸುಪಾಸಿನಲ್ಲಿರುವ ಒಂದು ದಿನಸಿ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಪ್ರಚಾರ ಬೇಡವೆಂದು ಯಜಮಾನರು ಹೇಳಿದ್ದರಿಂದ ಹೆಸರು ಹಾಕಿಲ್ಲ. ಆ ಬೀದಿಯಲ್ಲಿ ವ್ಯಾಪಾರ ಮಾಡುವವರಿಗೆ ದರದ ಹಲಗೆಯಿಂದಲೇ ಗುರುತು ಸಿಗುತ್ತದೆ. ಬಾಗಿಲಿನ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಪ್ರತಿ ಸಾಮಾನಿನ ಎದುರು ಕಿಲೋ ದರ ಬರೆದಿರುತ್ತದೆ. ಅಕ್ಕಿ, ಅವಲಕ್ಕಿ, ಹೆಸರುಕಾಳು, ಉದ್ದಿನಬೇಳೆಗಳಂಥ ಕೆಲವಕ್ಕೆ ಮಾತ್ರ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಒಂದು ಸಿದ್ದೆಗೆ ಸುಮಾರು ಇಷ್ಟು ಗ್ರಾಂ. ಸಿದ್ದೆ ಎಂದರೆ ಧಾನ್ಯವನ್ನು ಪಾತ್ರೆಯಲ್ಲಿ ತುಂಬಿ ಅಳೆಯುವ ಹಳೆಯ ಅಳತೆ. ದರ ಕಿಲೋಗೆ ಮಾತ್ರ, ಸಿದ್ದೆಗೆ ದರವಿಲ್ಲ. ಹಳೆಯ ಅಳತೆಗೂ ಹೊಸ ಅಳತೆಗೂ ಒಂದೇ ಅಂಗಡಿಯಲ್ಲಿ ಜಾಗ ಕೊಡುವ ಸರಿಯಾದ ಕ್ರಮ ಇದೇ ಎಂಬುದು ನನ್ನ ಅಭಿಪ್ರಾಯ. ಅಂಗಡಿಯ ಗುಣ ದೋಷ ಎರಡನ್ನೂ ನಾನು ಈ ವಿಷಯದ ಮೇಲೆಯೇ ಅಳೆಯುತ್ತೇನೆ.

ಮೊದಲು ತೂಕದ ವಿಷಯ. ಗಲ್ಲೆಯ ಪಕ್ಕದಲ್ಲಿ ಇಟ್ಟಿರುವ ವಿದ್ಯುನ್ಮಾನ ತಕ್ಕಡಿಗೆ ಎರಡೂ ಬದಿಯಲ್ಲಿ ಅಂಕಿ ಕಾಣುತ್ತದೆ. ಗಿರಾಕಿಯ ಕಡೆಗಿರುವ ಅಂಕಿಯ ಎದುರು ಬಿಸ್ಕತ್ತಿನ ಡಬ್ಬಿಯನ್ನಾಗಲಿ ಊದುಬತ್ತಿಯ ಕಟ್ಟನ್ನಾಗಲಿ ಒಟ್ಟಿಲ್ಲ. ತೂಗುವ ಮೊದಲು ಖಾಲಿ ಚೀಲವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತರುತ್ತಾರೆ, ನಂತರವೇ ಸಾಮಾನು ಸುರಿಯುತ್ತಾರೆ. ಗಟ್ಟಿ ಕಾಗದದ ಚೀಲವೊಂದು ಹತ್ತಿಪ್ಪತ್ತು ಗ್ರಾಂ ತೂಗುತ್ತದೆ. ಅಕ್ಕಿಗೆ ಅದು ಲೆಕ್ಕಕ್ಕಿಲ್ಲ, ಗೋಡಂಬಿಗಾದರೆ ಅದೇ ಇಪ್ಪತ್ತು ಗ್ರಾಂ ಹಣದ ಮಾತು. ತಕ್ಕಡಿಯ ಬದಿಯಲ್ಲಿ ಸೀಸದ ಮುದ್ರೆ ಇದೆ, ಹಿಂದಿನ ಗೋಡೆಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪ್ರಮಾಣಪತ್ರವನ್ನು ಓದಲು ಸಿಗುವಂತೆ ತೂಗುಹಾಕಿದ್ದಾರೆ. ಇಂಥ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕೆಂಬ ನಿಯಮವಿದೆ. ಮುದ್ರೆಯ ವರ್ಷವನ್ನು ನೋಡುವ ಅಭ್ಯಾಸ ಗಿರಾಕಿಗಳಿಗಿದ್ದರೆ ಅಂಗಡಿಯವರೂ ತಪ್ಪದೆ ಮಾಡಿಸುತ್ತಾರೆ.

ಇಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಎರಡನೆಯ ತಕ್ಕಡಿ. ದೊಡ್ಡ ತಕ್ಕಡಿಯ ಫಲಕದಲ್ಲಿ ಗರಿಷ್ಠ 30 ಕಿಲೋ, ಕನಿಷ್ಠ 100 ಗ್ರಾಂ, ಅಂತರ 5 ಗ್ರಾಂ ಎಂದು ಕೊರೆದಿದೆ. ಎಂದರೆ ನೂರು ಗ್ರಾಮಿಗಿಂತ ಕಡಿಮೆ ತೂಕಕ್ಕೆ ಆ ಯಂತ್ರವನ್ನು ನೆಚ್ಚಬಾರದು, ಅಂಕಿ ಸರಿಯುವುದೂ ಐದೈದು ಗ್ರಾಮಿನ ಮೆಟ್ಟಿಲಲ್ಲಿ ಎಂದು ತಯಾರಕರೇ ಹೇಳಿದ್ದಾರೆ. ಹತ್ತು ಗ್ರಾಂ ಏಲಕ್ಕಿಯನ್ನು ಅದರ ಮೇಲಿಟ್ಟರೆ ಅಂಕಿ ತೋರಿಸುವುದಕ್ಕೂ ನಿಜವಾದ ತೂಕಕ್ಕೂ ನಾಲ್ಕನೆಯ ಒಂದು ಪಾಲಿನಷ್ಟು ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಏಲಕ್ಕಿ, ಲವಂಗ, ಜಾಯಿಪತ್ರೆಗಳನ್ನು ಬಿಡಿಯಾಗಿ ಮಾರುವ ಬಹಳಷ್ಟು ಅಂಗಡಿಗಳಲ್ಲಿ ಎಲ್ಲದಕ್ಕೂ ಒಂದೇ ತಕ್ಕಡಿ ಇರುತ್ತದೆ. ಈ ಅಂಗಡಿಯವರು ಸಂಬಾರ ಪದಾರ್ಥಕ್ಕೆಂದು ಸಣ್ಣ ತಕ್ಕಡಿಯನ್ನು ಬೇರೆಯಾಗಿ ಇಟ್ಟಿದ್ದಾರೆ, ಅದಕ್ಕೂ ಮುದ್ರೆ ಹಾಕಿಸಿದ್ದಾರೆ. ಕಿಲೋ ಗ್ರಾಂ ಎಂದು ಬರೆದ ಮಾತ್ರಕ್ಕೆ ಅಳತೆ ನಿಖರವಾಗುವುದಿಲ್ಲ, ಆ ಗ್ರಾಮನ್ನು ಹಿಡಿಯಬಲ್ಲ ತಕ್ಕಡಿಯೂ ಬೇಕು ಎಂಬುದನ್ನು ಅರಿತ ವ್ಯಾಪಾರಿ ಇವರು.

ಕಾನೂನಿನ ಮಾತು ಸ್ಪಷ್ಟವಾಗಿಯೇ ಇದೆ. 1956ರಲ್ಲಿ ಸಂಸತ್ತು ಮೆಟ್ರಿಕ್ ಪದ್ಧತಿಯನ್ನು ದೇಶದ ಅಳತೆಯೆಂದು ಒಪ್ಪಿ ಕಾಯ್ದೆ ಮಾಡಿತು, 1957ರ ಏಪ್ರಿಲ್ ಒಂದರಿಂದ ರೂಪಾಯಿ ನೂರು ಪೈಸೆಯಾಯಿತು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋ ತೂಕಗಳು ಪೇಟೆಗೆ ಬಂದವು. ಈಗ ನಡೆಯುತ್ತಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, 2011ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ದರವನ್ನು ಹೇಳುವುದು, ದರಪಟ್ಟಿ ಬರೆಯುವುದು, ಬಿಲ್ಲು ಕೊಡುವುದು ಎಲ್ಲವೂ ಪ್ರಮಾಣಿತ ಅಳತೆಯಲ್ಲೇ ಆಗಬೇಕು. ಆದ್ದರಿಂದ ಸೇರಿಗಿಷ್ಟು, ಸಿದ್ದೆಗಿಷ್ಟು ಎಂದು ಹಲಗೆಯ ಮೇಲೆ ಬರೆಯಲು ಅವಕಾಶವಿಲ್ಲ. ಗಿರಾಕಿ ತನ್ನ ಬಾಯಿಂದ ಯಾವ ಅಳತೆಯಲ್ಲಿ ಕೇಳಬೇಕೆಂಬುದನ್ನು ಮಾತ್ರ ಯಾವ ಕಾಯ್ದೆಯೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಹಳೆಯ ಅಳತೆಗಳನ್ನು ಹಳ್ಳಿಗರ ಹಟವೆಂದು ತಳ್ಳಿಹಾಕುವವರ ಜೊತೆ ನನಗೆ ಸಮ್ಮತಿಯಿಲ್ಲ. ಅವು ತಮ್ಮ ಕಾಲದ ಹಣಕ್ಕೆ ಹೊಂದಿಕೊಂಡ ಅಳತೆಗಳಾಗಿದ್ದವು. ರೂಪಾಯಿಗೆ ಹದಿನಾರು ಆಣೆ, ತೂಕದ ಸೇರಿಗೆ ಹದಿನಾರು ಚಟಾಕು. ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಶಾಲೆಯ ಮೆಟ್ಟಿಲು ಹತ್ತದವರೂ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ಅರ್ಧ, ಕಾಲು, ಅರೆಕಾಲು ಎಂದು ಮಡಚುತ್ತ ಹೋದರೆ ಎಲ್ಲೂ ಬಿಡಿ ಅಂಕಿ ಉಳಿಯುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿ ನಾಣ್ಯದ ತೂಕ ಸರಿಯಾಗಿ ಒಂದು ತೊಲ, ಎಂದರೆ 11.66 ಗ್ರಾಂ; ಅಂಥ ಎಂಬತ್ತು ತೊಲಕ್ಕೆ ಒಂದು ಸೇರು, ಈಗಿನ ಲೆಕ್ಕದಲ್ಲಿ 933 ಗ್ರಾಂ. ವ್ಯಾಪಾರಿಯ ತೂಕದ ಕಲ್ಲಿನ ಮೇಲೆ ಅನುಮಾನ ಬಂದರೆ ತಕ್ಕಡಿಯ ಇನ್ನೊಂದು ತಟ್ಟೆಗೆ ರೂಪಾಯಿಗಳನ್ನೇ ಹಾಕಿ ನೋಡಬಹುದಿತ್ತು. ಕೊಳ್ಳುವವರು ತಾವೇ ಪರೀಕ್ಷಿಸಬಹುದಾದ ಅಳತೆ ಅದು. ಅಳತೆಯೊಂದು ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ನಾನು ಬಳಸುವ ಒರೆಗಲ್ಲು ಇದೊಂದೇ. ಹಣ ನೂರರ ಲೆಕ್ಕಕ್ಕೆ ಬಂದ ದಿನವೇ ಹದಿನಾರರ ಅನುಕೂಲ ಹೋಯಿತು; ಬೆಳ್ಳಿಯ ರೂಪಾಯಿ ಕೈಯಿಂದ ಕೈಗೆ ಹೋಗುವುದು ನಿಂತಾಗ ಸೇರನ್ನು ಪರೀಕ್ಷಿಸುವ ದಾರಿಯೂ ಮುಚ್ಚಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸಂಬಂಧಿಸಿದಂತೆ ಇನ್ನೊಂದು ತೊಡಕೂ ಇತ್ತು. ಕೆನರಾ ಜಿಲ್ಲೆ ಮೊದಲು ಮದ್ರಾಸಿನ ಆಡಳಿತದಲ್ಲಿತ್ತು. 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು, ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. ಮುಂಬಯಿಯ ಮಣ 28 ಪೌಂಡು, ಎಂದರೆ 12.7 ಕಿಲೋ, ಮದ್ರಾಸಿನ ಮಣ 25 ಪೌಂಡು, ಎಂದರೆ 11.34 ಕಿಲೋ. ಇಪ್ಪತ್ತು ಮಣಕ್ಕೆ ಒಂದು ಖಂಡಿ ಎಂಬ ಲೆಕ್ಕ ಎರಡೂ ಕಡೆ ಇದ್ದುದರಿಂದ, ಭಟ್ಕಳದ ಗಡಿಯ ಆಚೆಗೂ ಈಚೆಗೂ ನಡೆಯುವ ಒಂದೊಂದು ಖಂಡಿ ಮಾಲಿನಲ್ಲಿ 27 ಕಿಲೋ ವ್ಯತ್ಯಾಸವಾಗುತ್ತಿತ್ತು. ಉತ್ತರ ಹಿಂದೂಸ್ಥಾನದ ಮಣವಂತೂ 37 ಕಿಲೋವನ್ನು ದಾಟುತ್ತಿತ್ತು. ಅಡಿಕೆಯೂ ಕಾಳುಮೆಣಸೂ ಮುಂಬಯಿಗೂ ಉತ್ತರದ ಊರುಗಳಿಗೂ ಹೋಗುವ ನಮ್ಮ ಸೀಮೆಯಲ್ಲಿ ಇದರಿಂದ ಲಾಭವಾಗುತ್ತಿದ್ದುದು ಎಲ್ಲ ಮಣಗಳನ್ನೂ ಬಲ್ಲ ದಲ್ಲಾಳಿಗೆ, ತನ್ನ ಊರಿನ ಮಣವನ್ನು ಮಾತ್ರ ಬಲ್ಲ ಬೆಳೆಗಾರನಿಗಲ್ಲ. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾಗಳಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳ ದರವೆಲ್ಲ ಕ್ವಿಂಟಲ್ ಲೆಕ್ಕದಲ್ಲೇ ಪ್ರಕಟವಾಗುತ್ತದೆ, ಮನೆಯಲ್ಲಿ ಕುಳಿತವರೂ ಒಂದೂರಿನ ದರವನ್ನು ಇನ್ನೊಂದೂರಿನ ದರದ ಪಕ್ಕದಲ್ಲಿಟ್ಟು ನೋಡುತ್ತಾರೆ. ಬೆಳೆಗಾರರಿಗೆ ಮೆಟ್ರಿಕ್ ಪದ್ಧತಿ ಮಾಡಿದ ಉಪಕಾರ ಇದು, ಇದನ್ನು ಬಿಟ್ಟುಕೊಡುವ ಮಾತೇ ಬರಬಾರದು.

ಮತ್ತೆ ಅಂಗಡಿಗೆ ಬರೋಣ. ನಾನಿದ್ದಾಗಲೇ ವಯಸ್ಸಾದ ಒಬ್ಬರು ಬಂದು, “ತಮಾ, ಎರಡು ಸಿದ್ದೆ ಅವಲಕ್ಕಿ ಹಾಕು” ಎಂದರು. ಯಜಮಾನರ ಮಗ, “ಆಗ್ತು ಅಮ್ಮಾ, ತೂಗಿ ತೋರಸ್ತಿ” ಎಂದು, ಹಲಗೆಯ ಸಾಲನ್ನು ನೋಡಿಕೊಂಡು ಅಷ್ಟು ಗ್ರಾಂ ತೂಗಿದ, ಅಂಕಿಯನ್ನು ಅವರಿಗೆ ಓದಿ ಹೇಳಿದ, ಬಿಲ್ಲಿನಲ್ಲಿ ಗ್ರಾಮನ್ನೇ ಬರೆದ. ಸಿದ್ದೆ ಗಿದ್ದೆ ಇಲ್ಲ, ಕಿಲೋದಲ್ಲಿ ಹೇಳಿ ಎಂದು ಗದರುವ ಅಂಗಡಿಗಳನ್ನೂ ನಾನು ಕಂಡಿದ್ದೇನೆ. ಅಡುಗೆಮನೆಯಲ್ಲಿ ಜೀವಮಾನವಿಡೀ ಸಿದ್ದೆಯಲ್ಲಿ ಅಳೆದವರಿಗೆ ನಾಲ್ಕು ಜನರ ದೋಸೆಗೆ ಎಷ್ಟು ಅಕ್ಕಿ ಬೇಕೆಂಬುದು ಸಿದ್ದೆಯಲ್ಲೇ ಗೊತ್ತು, ಗ್ರಾಮಿನಲ್ಲಿ ಅಲ್ಲ. ಅವರಿಗೆ ಬೇಕಾದಷ್ಟನ್ನು ಅವರ ಅಳತೆಯಲ್ಲಿ ಕೇಳಿಸಿಕೊಂಡು, ಹಣ ತೆಗೆದುಕೊಳ್ಳುವಾಗ ಮಾತ್ರ ತಕ್ಕಡಿಯ ಅಳತೆಯಲ್ಲಿ ತೆಗೆದುಕೊಳ್ಳುವುದು ಮರ್ಯಾದೆಯೂ ಹೌದು, ಒಳ್ಳೆಯ ವ್ಯಾಪಾರವೂ ಹೌದು.

ಅದೇ ಅವಲಕ್ಕಿಯನ್ನು ಪಾತ್ರೆಯಲ್ಲಿ ಅಳೆದು ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ದಪ್ಪ ಅವಲಕ್ಕಿಗೂ ತೆಳ್ಳನೆಯ ಅವಲಕ್ಕಿಗೂ ಒಂದೇ ಪಾತ್ರೆಯಲ್ಲಿ ತೂಕ ಬೇರೆ ಬೇರೆ. ಪಾತ್ರೆಯನ್ನು ಒಮ್ಮೆ ಕುಟ್ಟಿದರೆ ಕಾಳು ಕೆಳಗಿಳಿದು ಇನ್ನೊಂದು ಹಿಡಿ ಹಿಡಿಸುತ್ತದೆ. ಬಾಯಿಯ ಮಟ್ಟಕ್ಕೆ ಕೋಲಿನಿಂದ ಎಳೆದು ಸಮ ಮಾಡುವುದಕ್ಕೂ ಗೋಪುರವಾಗಿ ತುಂಬುವುದಕ್ಕೂ ಇರುವ ಅಂತರ ಕಡಿಮೆಯದಲ್ಲ. ಒಂದು ಲೀಟರಿನ ಪಾತ್ರೆಯಲ್ಲಿ ಅಕ್ಕಿ ಸುಮಾರು 800 ಗ್ರಾಂ ಹಿಡಿದರೆ ಮಂಡಕ್ಕಿ ಹಿಡಿಯುವುದು ನೂರು ಗ್ರಾಮಿನ ಆಸುಪಾಸಿನಷ್ಟು ಮಾತ್ರ. ಸಿದ್ದೆಯ ಗಾತ್ರವೂ ಊರಿಂದೂರಿಗೆ ಒಂದೇ ಆಗಿರಲಿಲ್ಲ. ಹಲಗೆಯ ಮೇಲೆ ಈ ಅಂಗಡಿಯವರು ಒಂದೊಂದು ಧಾನ್ಯಕ್ಕೂ ಬೇರೆ ಬೇರೆ ಗ್ರಾಂ ಬರೆದಿರುವುದಕ್ಕೆ ಇದೇ ಕಾರಣ. ಹೊಸ ಅಕ್ಕಿಯ ದಾಸ್ತಾನು ಬಂದಾಗ ತಮ್ಮ ಮನೆಯ ಹಳೆಯ ಸಿದ್ದೆಯಲ್ಲಿ ಅಳೆದು, ತೂಗಿ, ಅಂಕಿಯನ್ನು ತಿದ್ದುತ್ತೇವೆಂದು ಅವರು ಹೇಳಿದರು.

ಪಾತ್ರೆಯ ಅಳತೆ ನಿಜವಾಗಿಯೂ ಕೆಲಸಕ್ಕೆ ಬರುವ ಒಂದು ಜಾಗ ಕಾಳುಮೆಣಸಿನ ಖರೀದಿ. ಈ ಅಂಗಡಿಯವರು ಸುತ್ತಲಿನ ಹಳ್ಳಿಗಳಿಂದ ಸ್ವಲ್ಪ ಮೆಣಸನ್ನು ಕೊಳ್ಳುತ್ತಾರೆ, ಹಣ ಕೊಡುವುದು ಕಿಲೋ ಲೆಕ್ಕದಲ್ಲಿ. ಅದಕ್ಕೂ ಮೊದಲು ಒಂದು ಲೀಟರಿನ ಪಾತ್ರೆಗೆ ತುಂಬಿ ಮಟ್ಟ ಮಾಡಿ ತೂಗುತ್ತಾರೆ. ಇದು ಲೀಟರ್ ತೂಕ. ಲೀಟರಿಗೆ 550 ಗ್ರಾಂ ತೂಗುವ ಮೆಣಸು ಗಟ್ಟಿ ಕಾಳು. 500ಕ್ಕಿಂತ ಕೆಳಗಿಳಿದರೆ ಅದರಲ್ಲಿ ಜೊಳ್ಳು ಸೇರಿದೆ ಎಂದರ್ಥ. ಗಾತ್ರವನ್ನೂ ತೂಕವನ್ನೂ ಒಟ್ಟಿಗೆ ಹಿಡಿದಾಗಲೇ ಮಾಲಿನ ಗುಣ ತಿಳಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಗಾಳಿಯ ತೇವವನ್ನು ಹೀರಿ ಮೆಣಸಿನ ತೂಕ ಏರುವುದರಿಂದ ತೂಕವೊಂದನ್ನೇ ನಂಬಿದರೆ ಕೊಳ್ಳುವವರು ನೀರಿಗೂ ದುಡ್ಡು ಕೊಟ್ಟಂತೆ. ಈ ಪರೀಕ್ಷೆಯನ್ನು ಬೆಳೆಗಾರರ ಕಣ್ಣೆದುರಿಗೇ ಮಾಡುತ್ತಾರೆ, ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಕೆಲವು ಖರೀದಿದಾರರು ಒಳಗೆ ಹೋಗಿ ಬಂದು ಜೊಳ್ಳು ಜಾಸ್ತಿ ಇದೆಯೆಂದು ಬಾಯಲ್ಲಿ ಹೇಳಿ ದರ ಇಳಿಸುವುದನ್ನು ನೋಡಿದವರಿಗೆ ಆ ಚೀಟಿಯ ಬೆಲೆ ಗೊತ್ತಾಗುತ್ತದೆ.

ಇಷ್ಟು ಹೊಗಳಿದ ಮೇಲೆ ಅಂಗಡಿಯ ದೊಡ್ಡ ಕೊರತೆಯನ್ನು ಹೇಳಲೇಬೇಕು, ಅದಿರುವುದು ದ್ರವ ಪದಾರ್ಥಗಳ ಕಪಾಟಿನಲ್ಲಿ. ವಿಚಿತ್ರವೆಂದರೆ ಇಲ್ಲಿ ಗೊಂದಲ ಹುಟ್ಟುವುದು ಹಳೆಯ ಅಳತೆಯಿಂದಲ್ಲ, ಎರಡು ಮೆಟ್ರಿಕ್ ಅಳತೆಗಳ ನಡುವೆ. ತೆಂಗಿನೆಣ್ಣೆಯನ್ನು ಒಂದು ಕಡೆ ಲೀಟರ್ ಲೆಕ್ಕದ ಬಾಟಲಿಯಲ್ಲಿ ಇಟ್ಟಿದ್ದಾರೆ, ಪಕ್ಕದಲ್ಲೇ ಗಾಣದ ಎಣ್ಣೆಯನ್ನು ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಮಾರುತ್ತಾರೆ. ಒಂದು ಲೀಟರ್ ತೆಂಗಿನೆಣ್ಣೆ ಒಂದು ಕಿಲೋ ತೂಗುವುದಿಲ್ಲ, ಸುಮಾರು 920 ಗ್ರಾಂ ತೂಗುತ್ತದೆ. ಉದಾಹರಣೆಗೆ ಲೀಟರಿಗೆ 400 ರೂಪಾಯಿ, ಕಿಲೋಗೆ 430 ರೂಪಾಯಿ ಎಂದು ಬರೆದಿದ್ದರೆ ಲೀಟರ್ ಬಾಟಲಿ ಮೂವತ್ತು ರೂಪಾಯಿ ಅಗ್ಗವಾಗಿ ಕಾಣುತ್ತದೆ. ಲೆಕ್ಕ ಹಾಕಿದರೆ ಅದೇ ಎಣ್ಣೆ ಕಿಲೋಗೆ 435 ರೂಪಾಯಿಯ ಹತ್ತಿರ ಬಿದ್ದಿರುತ್ತದೆ. ಮೋಸ ಮಾಡುವ ಉದ್ದೇಶ ಇಲ್ಲಿಲ್ಲ. ಆದರೂ ಅಕ್ಕಿಯ ಸಿದ್ದೆಯನ್ನು ಅಷ್ಟು ಶ್ರದ್ಧೆಯಿಂದ ಗ್ರಾಮಿಗೆ ತಿರುಗಿಸಿ ಬರೆಯುವವರು ಎಣ್ಣೆಯ ಲೀಟರನ್ನು ಹಾಗೆಯೇ ಬಿಟ್ಟಿರುವುದು ಸರಿಯಲ್ಲ.

ಜೋನಿ ಬೆಲ್ಲದಲ್ಲಿ ಇದು ತಿರುಗುಮುರುಗು. ಆಲೆಮನೆಯಿಂದ ಬರುವ ಜೋನಿ ಬೆಲ್ಲ ನೀರಿಗಿಂತ ಬಹಳ ಭಾರ. ಪಾಕ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ನೋಡಿಕೊಂಡು ಒಂದು ಲೀಟರ್ ಡಬ್ಬಿಯಲ್ಲಿ 1.35ರಿಂದ 1.4 ಕಿಲೋದಷ್ಟು ಹಿಡಿಯುತ್ತದೆ. ಪಾಕ ತೆಳುವಾಗಿದ್ದಷ್ಟೂ ಡಬ್ಬಿ ಹಗುರವಾಗುತ್ತದೆ, ಬೇಗ ಹುಳಿಯುತ್ತದೆ ಕೂಡ. ಡಬ್ಬಿಗೆ ಇಷ್ಟು ಎಂದು ಕೊಳ್ಳುವವರಿಗೆ ಈ ವ್ಯತ್ಯಾಸ ಮನೆಗೆ ಹೋದ ಮೇಲೂ ತಿಳಿಯುವುದಿಲ್ಲ, ತೂಗಿ ಕೊಳ್ಳುವವರಿಗೆ ಕೈಯಲ್ಲಿ ಹಿಡಿದಾಗಲೇ ಸುಳಿವು ಸಿಗುತ್ತದೆ. ಈ ಅಂಗಡಿಯವರು ಜೋನಿ ಬೆಲ್ಲವನ್ನು ಕಿಲೋದಲ್ಲೇ ಮಾರುತ್ತಾರೆ, ಡಬ್ಬಿಯ ಸ್ವಂತ ತೂಕವನ್ನು ಮುಚ್ಚಳದ ಮೇಲೆ ಬರೆದಿಟ್ಟಿದ್ದಾರೆ; ಇಲ್ಲಿ ಅವರಿಗೆ ಪೂರ್ಣ ಅಂಕ. ಜೇನುತುಪ್ಪಕ್ಕೆ ಬಂದರೆ ಮತ್ತೆ ಸಡಿಲ. ಕಾಡಿನ ಜೇನನ್ನು ತಂದುಕೊಡುವವರು ಹಳೆಯ ಬಾಟಲಿಗಳಲ್ಲಿ ತುಂಬಿ ಕೊಡುತ್ತಾರೆ, ಅಂಗಡಿಯಲ್ಲೂ ಅದು ಬಾಟಲಿ ಲೆಕ್ಕದಲ್ಲೇ ಹೋಗುತ್ತದೆ. 750 ಮಿಲಿಲೀಟರಿನ ಬಾಟಲಿ ತುಂಬ ಒಳ್ಳೆಯ ಜೇನಿದ್ದರೆ ಅದು ಒಂದು ಕಿಲೋಗಿಂತ ತುಸು ಹೆಚ್ಚೇ ತೂಗಬೇಕು. ಒಂದು ಕಿಲೋ ತೂಗದಿದ್ದರೆ ಬಾಟಲಿ ತುಂಬಿಲ್ಲ, ಇಲ್ಲವೇ ಜೇನಿನಲ್ಲಿ ನೀರಿನ ಅಂಶ ಹೆಚ್ಚಿದೆ. ಇಷ್ಟು ಸುಲಭದ ಪರೀಕ್ಷೆ ತಕ್ಕಡಿಯ ಪಕ್ಕದಲ್ಲೇ ಸಾಧ್ಯವಿರುವಾಗ ಬಾಟಲಿಗಿಷ್ಟು ಎಂದು ಮಾರುವುದನ್ನು ಅವರು ನಿಲ್ಲಿಸಬೇಕು.

ಪ್ಯಾಕೆಟ್ ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಚಹಾಪುಡಿ, ಬಿಸ್ಕತ್ತು, ಸಾಬೂನುಗಳಂಥ ಅನೇಕ ಸಾಮಾನುಗಳನ್ನು ಇಂತಿಷ್ಟೇ ತೂಕದಲ್ಲಿ ಕಟ್ಟಬೇಕೆಂಬ ನಿಯಮವಿತ್ತು. ಅದನ್ನು ಕೈಬಿಟ್ಟ ಮೇಲೆ ಯಾವ ತೂಕದಲ್ಲಿ ಬೇಕಾದರೂ ಕಟ್ಟಬಹುದಾಗಿದೆ, ಅದರ ಬದಲಿಗೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೆಲೆ ಬೀಳುತ್ತದೆಂದು ಅಚ್ಚು ಹಾಕುವುದು ಕಡ್ಡಾಯವಾಗಿದೆ. ಆ ಅಚ್ಚು ಎಷ್ಟು ಸಣ್ಣದೆಂದರೆ ಕನ್ನಡಕವಿದ್ದವರಿಗೂ ಕಷ್ಟ. ಈ ಅಂಗಡಿಯವರು ಚಹಾಪುಡಿಯ ಕಪಾಟಿನ ಅಂಚಿಗೆ ನೂರು ಗ್ರಾಮಿನ ದರವನ್ನು ದೊಡ್ಡದಾಗಿ ಬರೆದು ಅಂಟಿಸಿದ್ದಾರೆ. ಉಳಿದ ಕಪಾಟುಗಳಿಗೂ ಅದೇ ಕ್ರಮವನ್ನು ತಂದರೆ ಒಳ್ಳೆಯದು.

ಕರಾವಳಿಗೆ ಇಳಿದರೆ ಈ ಅಂಗಡಿಯ ಕ್ರಮ ಎಲ್ಲ ವ್ಯಾಪಾರಕ್ಕೂ ಹೊಂದುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಕಾರವಾರದ ಮೀನು ಪೇಟೆಯಲ್ಲಿ ಬಂಗಡೆಯನ್ನು ನೂರು ರೂಪಾಯಿಗೆ ಇಷ್ಟೆಂದು ಎಣಿಸಿ ಕೊಡುತ್ತಾರೆ, ತಾರ್ಲೆಯನ್ನು ಪಾಲು ಹಾಕಿ ಇಡುತ್ತಾರೆ. ಕುಮಟಾದ ಸಿಹಿ ಈರುಳ್ಳಿ ಹೆದ್ದಾರಿಯ ಬದಿಯಲ್ಲಿ ಹೆಣೆದ ಗೊಂಚಲಾಗಿ ತೂಗಾಡುತ್ತದೆ, ಅಂಕೋಲೆಯ ಕರಿ ಇಶಾಡು ಮಾವು ಡಜನ್ ಲೆಕ್ಕದಲ್ಲಿ ಹೋಗುತ್ತದೆ, ಹೂವು ಮೊಳದಲ್ಲಿ. ಎಣಿಸಿ ಕೊಡುವ ವ್ಯಾಪಾರದಲ್ಲಿ ಗಿರಾಕಿಯೂ ಎಣಿಸಬಲ್ಲಳು, ಮೀನಿನ ಗಾತ್ರ ಕಣ್ಣಿಗೇ ಕಾಣುತ್ತದೆ, ಆದ್ದರಿಂದ ಅಲ್ಲಿ ತಕ್ಕಡಿ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಮೊಳದ ಮಾತು ಬೇರೆ. ಮಾರುವವರ ಕೈಯ ಉದ್ದವೇ ಅಳತೆಯಾಗುವಲ್ಲಿ ಪಕ್ಕದಲ್ಲೊಂದು ಅರ್ಧ ಮೀಟರಿನ ಕೋಲಿದ್ದರೆ ಇಬ್ಬರಿಗೂ ನೆಮ್ಮದಿ.

ದರದ ವಿಷಯದಲ್ಲಿ ಈ ಅಂಗಡಿ ಶಿರಸಿಯ ಸಹಕಾರಿ ಸಂಘಗಳ ದೊಡ್ಡ ಮಳಿಗೆಗಳಿಗಿಂತ ತುಸು ದುಬಾರಿ. ಬೇಳೆಗಳಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಸಂತೆಯ ದಿನ ನಿಲ್ಲಲು ಜಾಗವಿರುವುದಿಲ್ಲ, ಗಾಡಿ ನಿಲ್ಲಿಸುವುದಂತೂ ದೂರದ ಮಾತು. ಬಿಡಿ ಸಂಬಾರ ಪದಾರ್ಥ, ಜೋನಿ ಬೆಲ್ಲ, ಅಕ್ಕಿ, ಅವಲಕ್ಕಿಗಳಿಗೆ ನಾನು ಇಲ್ಲಿಗೇ ಹೋಗುತ್ತೇನೆ, ಬೇರೆಯವರಿಗೂ ಹೇಳುತ್ತೇನೆ. ಎಣ್ಣೆಯ ವಿಷಯವನ್ನು ಯಜಮಾನರ ಬಳಿ ಪ್ರಸ್ತಾಪಿಸಿದಾಗ ಅವರು ಬೇಸರಿಸದೆ ಕೇಳಿಸಿಕೊಂಡರು, ಬಾಟಲಿಗಳ ಕೆಳಗೆ ಕಿಲೋ ದರವನ್ನೂ ಬರೆಸುವುದಾಗಿ ಒಪ್ಪಿದರು. ಆ ಸಾಲು ಹಲಗೆಗೆ ಬರುವವರೆಗೆ ಎಣ್ಣೆ ಕೊಳ್ಳುವವರು ಬಾಟಲಿಯ ಮೇಲಿನ ಲೀಟರ್ ದರವನ್ನು 0.92ರಿಂದ ಭಾಗಿಸಿ, ಬಂದ ಮೊತ್ತವನ್ನು ಗಾಣದ ಎಣ್ಣೆಯ ಕಿಲೋ ದರದ ಜೊತೆ ಹೋಲಿಸಿ ನೋಡಿ. ಜೇನು ಬೇಕಿದ್ದವರು ಖಾಲಿ ಬಾಟಲಿಯೊಂದನ್ನು ಮೊದಲು ತೂಗಿಸಿ, ನಂತರ ತುಂಬಿದ ಬಾಟಲಿಯನ್ನು ತೂಗಿಸಿ ಕೊಳ್ಳಿ. ಕೇಳಿದರೆ ತೂಗಿ ತೋರಿಸುತ್ತಾರೆ, ಇಲ್ಲವೆನ್ನುವುದಿಲ್ಲ.